ರೈನ್ ದಂಡೆಯ ಭಾನುವಾರಗಳು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನ್ನನ್ನು ಕರೆದಾಗ, "ವಿದೇಶದಲ್ಲಿ ಓದಿದ ಅನುಭವ ಹೇಳಿ" ಎಂದರು. ಅದರ ಜೊತೆಗೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಂದ ಪ್ರಶ್ನೆ ಬರೆಸಿ, ಆ ಚೀಟಿಗಳನ್ನೆಲ್ಲ ನನಗೆ ಕಳಿಸಿಕೊಟ್ಟರು. ಕೂತು ಓದಿದೆ. ಕೈಬರಹ ಬೇರೆ ಬೇರೆ, ಕಾಗುಣಿತ ಬೇರೆ ಬೇರೆ, ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಮೂರೇ. ಒಂದು, ಅಲ್ಲಿ ಏನು ಉಣ್ಣುತ್ತಿದ್ರಿ, ಮುದ್ದೆ ಸಿಗುತ್ತಾ? ಎರಡು, ರಜೆ ದಿನ ಎಲ್ಲೆಲ್ಲಿಗೆ ಹೋಗ್ತಿದ್ರಿ? ಮೂರು, ನಮ್ಮಂಥೋರೂ ಹೋಗಬಹುದಾ? ಈ ಮೂರಕ್ಕೆ ಉತ್ತರ ಹೇಳುವುದೇ ಇವತ್ತಿನ ನನ್ನ ಭಾಷಣ.

ಮೊದಲು ಒಂದು ಮಾತು. ನಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಓದಲು ಹೋಗುವುದು ಹೊಸ ಸಂಗತಿಯಲ್ಲ. ಹಾಸನದಲ್ಲಿ 1908ರಲ್ಲಿ ಹುಟ್ಟಿದ ರಾಜಾರಾವ್ 1929ರಲ್ಲೇ ಫ್ರಾನ್ಸ್ ದೇಶದ ಮೊಂಪೆಲಿಯೆ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಆಗ ವಿಮಾನವಿಲ್ಲ, ಹಡಗಿನ ಕಾಲ. ಅಷ್ಟು ದೂರ ಹೋದ ಅವರು ಬರೆದು ಹೆಸರಾದದ್ದು ನಮ್ಮ ಕಡೆಯದೇ ಒಂದು ಹಳ್ಳಿಯ ಕಥೆಯಿಂದ. 1938ರಲ್ಲಿ ಬಂದ ಆ ಕಾದಂಬರಿಯ ಹೆಸರು 'ಕಾಂತಾಪುರ'. ಇನ್ನು ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ವಯಸ್ಸಾದ ಮೇಲೆ ಅಮೆರಿಕ ನೋಡಿಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರು ಗಮನಿಸಿ: ಅಮೆರಿಕಕ್ಕೆ ಹೋದದ್ದು ಬರೀ ರಾಮಸ್ವಾಮಿ ಅಯ್ಯಂಗಾರ್ಯರಲ್ಲ, ಗೊರೂರೇ ಹೋಗಿತ್ತು. ನನ್ನ ಜೊತೆಗೂ ನಮ್ಮ ಊರು ಬಂದಿತ್ತು ಎಂಬುದು ಮುಂದೆ ನಿಮಗೆ ಗೊತ್ತಾಗುತ್ತದೆ.

ನಾನು ಹೋದದ್ದು ನೆದರ್ಲೆಂಡ್ಸ್ ದೇಶಕ್ಕೆ, 2008ರ ಆಗಸ್ಟ್‌ನಲ್ಲಿ. ಹಾಲೆಂಡ್ ಎಂದರೆ ಬೇಗ ಗುರುತು ಸಿಕ್ಕೀತು. ನಿಮ್ಮ ಕೊಟ್ಟಿಗೆಯಲ್ಲಿ ಕಪ್ಪು ಬಿಳಿ ಎಚ್.ಎಫ್. ಹಸು ಇದ್ದರೆ, ಆ ದೇಶದ ನೆಂಟಸ್ತನ ನಿಮಗೆ ಆಗಲೇ ಇದೆ. ಎಚ್.ಎಫ್. ಅನ್ನುವುದರಲ್ಲಿ ಎಫ್ ಎಂದರೆ ಫ್ರೀಸಿಯನ್. ಫ್ರೀಸ್‌ಲ್ಯಾಂಡ್ ಆ ದೇಶದ ಉತ್ತರದ ಒಂದು ಪ್ರಾಂತ್ಯ. ಇಡೀ ದೇಶ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಚಿಕ್ಕದು. ನಾನಿದ್ದ ಊರು ವಾಗೆನಿಂಗೆನ್, ರೈನ್ ನದಿಯ ಒಂದು ಕವಲಿನ ದಂಡೆಯಲ್ಲಿದೆ. 1876ರಲ್ಲಿ ಅಲ್ಲಿ ಶುರುವಾದ ಕೃಷಿಶಾಲೆ ಬೆಳೆದು ಇವತ್ತು ಜಗತ್ತಿನ ದೊಡ್ಡ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಂದಾಗಿದೆ. ಅಷ್ಟಾದರೂ ಅರಕಲಗೂಡಿನ ಹಾಗೆ ಆ ಊರಿಗೂ ರೈಲಿಲ್ಲ. ಪಕ್ಕದ ಏಡೆ ಊರಿನ ಸ್ಟೇಷನ್ನಿನಲ್ಲಿ ಇಳಿದು ಬಸ್ಸು ಹತ್ತಬೇಕು. ಎರಡು ಪೆಟ್ಟಿಗೆ ಹಿಡಿದು ಆ ಬಸ್ಸಿಗೆ ಕಾಯುತ್ತ ನಿಂತಾಗ, ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತ ಹಾಗೇ ಅನ್ನಿಸಿ ಸ್ವಲ್ಪ ಧೈರ್ಯ ಬಂತು.

ಯಾಕೆ ಅಲ್ಲಿಗೇ ಹೋದೆ? ಆಲೂಗಡ್ಡೆಗೋಸ್ಕರ. ಹಾಸನ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇ ತಿಂಗಳ ಮಳೆ ಬಿದ್ದರೆ ಸಾಕು, ಹಾಸನದ ಎ.ಪಿ.ಎಂ.ಸಿ. ಮುಂದೆ ಜಲಂಧರ್‌ನಿಂದ ಬಿತ್ತನೆ ಗಡ್ಡೆ ತಂದ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಾವು ಹುಡುಗರು ಶಾಲೆ ಶುರುವಾಗುವ ಮೊದಲು ಗಡ್ಡೆ ಕೊಯ್ದು, ಬೂದಿ ಸವರಿ ಬಿತ್ತನೆಗೆ ಅಣಿ ಮಾಡುತ್ತಿದ್ದೆವು. ಆಗಸ್ಟ್, ಸೆಪ್ಟೆಂಬರಿನಲ್ಲಿ ಗಡ್ಡೆ ಕೀಳುವ ಹೊತ್ತಿಗೆ ಇದೇ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ ಇರುತ್ತಿತ್ತು. ಮೇಷ್ಟ್ರು ಹಾಜರಿ ಕೂಗುವುದನ್ನು ನಿಲ್ಲಿಸಿ ನಗುತ್ತಿದ್ದರು. 2007ರ ಸುಮಾರಿನಿಂದ ಏನಾಯಿತು ಎಂಬುದೂ ನಿಮಗೆ ಗೊತ್ತು. ಮೋಡ ಮುಚ್ಚಿದ ನಾಲ್ಕು ದಿನ, ತುಂತುರು ಮಳೆ, ಐದನೆಯ ದಿನ ಹೊಲಕ್ಕೆ ಹೋದರೆ ಎಲೆಗಳೆಲ್ಲ ಸುಟ್ಟ ಹಾಗೆ ಕಪ್ಪು. ಅಂಗಮಾರಿ. ನಾನು ಜಿ.ಕೆ.ವಿ.ಕೆ.ಯಲ್ಲಿ ಬಿ.ಎಸ್ಸಿ. ಕೃಷಿ ಮುಗಿಸಿ ಕೆಲಸದಲ್ಲಿದ್ದೆ. ಆ ರೋಗವನ್ನೇ ಓದಬೇಕು ಅನ್ನಿಸಿತು. ವಿದ್ಯಾರ್ಥಿವೇತನ ಸಿಕ್ಕಿತು, ಹೊರಟೆ.

ಈಗ ಮೊದಲನೆಯ ಪ್ರಶ್ನೆ: ಊಟ.

ನಾನಿದ್ದದ್ದು 'ಡೈಕ್‌ಗ್ರಾಫ್' ಎಂಬ ಎತ್ತರದ ವಿದ್ಯಾರ್ಥಿ ಕಟ್ಟಡದಲ್ಲಿ. ಒಬ್ಬೊಬ್ಬರಿಗೆ ಒಂದು ಚಿಕ್ಕ ಕೋಣೆ. ಹತ್ತು ಹನ್ನೆರಡು ಕೋಣೆಗಳಿಗೆ ಸೇರಿ ಒಂದೇ ಅಡುಗೆಮನೆ. ಗಂಡು, ಹೆಣ್ಣು, ಡಚ್ಚರು, ಚೀನಾದವರು, ಇಥಿಯೋಪಿಯಾದವರು, ಮೆಕ್ಸಿಕೋದವರು, ನಾನು. ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿತ್ತು: ಈ ವಾರ ಒಲೆ ಒರೆಸುವುದು ಯಾರು, ಕಸ ಕೆಳಕ್ಕೆ ಒಯ್ಯುವುದು ಯಾರು, ನೆಲ ತೊಳೆಯುವುದು ಯಾರು. ಮನೆಯಲ್ಲಿ ಅವ್ವ, ಅಕ್ಕಂದಿರು ಮಾಡಿಹಾಕಿದ್ದನ್ನು ಉಂಡು ಬೆಳೆದ ಗಂಡುಮಗ ನಾನು. ಇಪ್ಪತ್ತೈದು ದಾಟಿದ ಮೇಲೆ ನೆಲ ತೊಳೆಯುವುದನ್ನು ಅಲ್ಲಿ ಕಲಿತೆ. ಇಲ್ಲಿ ಕೂತಿರುವ ಗಂಡುಹುಡುಗರಿಗೆ ಹೇಳುತ್ತೇನೆ, ವಿದೇಶಕ್ಕೆ ಹೋಗುವ ಆಸೆಯಿದ್ದರೆ ಇಂಗ್ಲಿಷಿಗೆ ಮೊದಲು ಅನ್ನ ಬಸಿಯುವುದನ್ನು, ಪಾತ್ರೆ ಬೆಳಗುವುದನ್ನು ಕಲಿಯಿರಿ. ಇಂಗ್ಲಿಷು ಹೇಗೋ ಬರುತ್ತದೆ.

ಡಚ್ಚರ ಮಧ್ಯಾಹ್ನದ ಊಟ ಬ್ರೆಡ್ಡು, ಚೀಸು, ಒಂದು ಲೋಟ ಹಾಲು ಅಥವಾ ಮಜ್ಜಿಗೆ. ಸಂಜೆ ಆರಕ್ಕೆಲ್ಲ ರಾತ್ರಿಯೂಟ ಮುಗಿಯುತ್ತದೆ. ಚಳಿಗಾಲದಲ್ಲಿ ನಾಲ್ಕೂವರೆಗೆ ಹೊತ್ತು ಮುಳುಗುವ ದೇಶ, ಬೇಗ ಉಂಡರೆ ತಪ್ಪಿಲ್ಲ. ಅವರ ಮೆಚ್ಚಿನ ಚಳಿಗಾಲದ ಅಡುಗೆ 'ಸ್ಟಾಂಪಾಟ್': ಬೇಯಿಸಿದ ಆಲೂಗಡ್ಡೆಯನ್ನು ಸೊಪ್ಪಿನ ಜೊತೆ ಮಸೆದು ಗುಡ್ಡೆ ಮಾಡಿ, ನಡುವೆ ಗುಳಿ ತೆಗೆದು ಅದರಲ್ಲಿ ಸಾರಿನಂಥದ್ದನ್ನು ಸುರಿದುಕೊಳ್ಳುತ್ತಾರೆ. ಖಾರವೊಂದಿಲ್ಲ. ಅದು ಬಿಟ್ಟರೆ ಮಸೊಪ್ಪಿಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ.

ಮುದ್ದೆ ಸಿಗುತ್ತಾ? ಅಂಗಡಿಯಲ್ಲಿ ಸಿಗುವುದಿಲ್ಲ, ನಾವೇ ತಿರುವಿಕೊಳ್ಳಬೇಕು. ಅವ್ವ ನಾಲ್ಕು ಸೇರು ರಾಗಿಹಿಟ್ಟು, ಸಾರಿನ ಪುಡಿ, ಹುರುಳಿಕಾಳು ಕಟ್ಟಿಕೊಟ್ಟಿದ್ದಳು. ಮೊದಲನೆಯ ಶನಿವಾರ ಹಿಟ್ಟಿನ ಚೀಲ ಬಿಚ್ಚಿದಾಗ, ಇಥಿಯೋಪಿಯಾದ ಹುಡುಗ ಪಕ್ಕದಲ್ಲಿ ನಿಂತಿದ್ದ. ಒಂದು ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ, ಮೂಸಿ, "ದಾಗುಸಾ!" ಅಂದ. ಅವರ ಭಾಷೆಯಲ್ಲಿ ರಾಗಿಯ ಹೆಸರು ಅದು. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಧಾನ್ಯ, ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಓದಿದ್ದೇ ಬೇರೆ, ರಾಗಿಯ ತವರಿನವನೊಬ್ಬ ಅದನ್ನು ಮುಟ್ಟಿ ಗುರುತು ಹಿಡಿದದ್ದೇ ಬೇರೆ. ಅವನು ಮುದ್ದೆಯನ್ನು ಅಗಿಯದೆ ನುಂಗುವುದನ್ನು ಒಂದೇ ದಿನಕ್ಕೆ ಕಲಿತ. ಮೆಕ್ಸಿಕೋದ ಹುಡುಗಿಗೆ ಕೊನೆಯವರೆಗೂ ಬರಲಿಲ್ಲ.

ಬುಧವಾರ ಮತ್ತು ಶನಿವಾರ ಊರಿನ ಚರ್ಚಿನ ಸುತ್ತ ಸಂತೆ ನೆರೆಯುತ್ತಿತ್ತು. ಮೀನು, ಹೂವು, ಚೀಸು, ತರಕಾರಿ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಬುಟ್ಟಿಗಟ್ಟಲೆ ಹಣ್ಣನ್ನು ಒಂದು ಯೂರೋಗೆ ಕೊಡುತ್ತಿದ್ದರು. ಚನ್ನರಾಯಪಟ್ಟಣದ ಸಂತೆಯಲ್ಲೂ ಹೊತ್ತಿಳಿದ ಮೇಲೆ ಹೀಗೇ ಅಲ್ಲವೇ? ಆಗ ಒಂದು ಯೂರೋ ಎಂದರೆ ಅರವತ್ತರಿಂದ ಎಪ್ಪತ್ತು ರೂಪಾಯಿ. ಮೊದಲ ಆರು ತಿಂಗಳು ಏನು ಕೊಂಡರೂ ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ಒಂದು ಕಾಫಿಯ ದುಡ್ಡಿಗೆ ಊರಿನಲ್ಲಿ ಒಂದು ಹೆಣ್ಣಾಳಿನ ಕೂಲಿಯಾಗುತ್ತದಲ್ಲ ಎಂದು ಲೆಕ್ಕ ಹಾಕಿ, ಕಾಫಿ ಕುಡಿಯದೆ ವಾಪಸ್ಸು ಬಂದದ್ದುಂಟು. ತೊಗರಿಬೇಳೆ, ಕೊತ್ತಂಬರಿ, ಹುಣಸೆಹಣ್ಣು 'ಟೋಕೋ' ಎಂಬ ಅಂಗಡಿಗಳಲ್ಲಿ ಸಿಗುತ್ತಿದ್ದವು. ಅಂಥ ಒಂದು ಅಂಗಡಿಯ ಯಜಮಾನ ನಮ್ಮವರ ಹಾಗೇ ಕಾಣುತ್ತಿದ್ದ, ಆದರೆ ಇಂಡಿಯಾ ನೋಡಿದವನಲ್ಲ. ಅವನ ಹಿರಿಯರು ಬಿಹಾರದ ಕಡೆಯಿಂದ ದಕ್ಷಿಣ ಅಮೆರಿಕದ ಸುರಿನಾಮಿಗೆ ಕಬ್ಬಿನ ತೋಟದ ಕೂಲಿಗೆ ಹೋದವರು. ಆ ಕೂಲಿಯಾಳುಗಳ ಮೊದಲ ಹಡಗು ಸುರಿನಾಮ್ ತಲುಪಿದ್ದು 1873ರಲ್ಲಿ. ನಾನು ವಿಮಾನದಲ್ಲಿ ಓದಲು ಬಂದವನು. ಅವನ ಅಂಗಡಿಯಲ್ಲಿ ಬೇಳೆ ಕೊಳ್ಳುವಾಗಲೆಲ್ಲ ಆ ಹಡಗು ನೆನಪಾಗುತ್ತಿತ್ತು.

ಇನ್ನು ಓದು. ಅಲ್ಲಿ ಪ್ರೊಫೆಸರನ್ನು ಹೆಸರು ಹಿಡಿದು ಕರೆಯಬೇಕು. ನನಗೆ ನಾಲಿಗೆ ಬರುತ್ತಿರಲಿಲ್ಲ. ಮೇಷ್ಟ್ರು ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುವ ಅಭ್ಯಾಸ ನಮ್ಮದು. ಅಲ್ಲಿ ಪ್ರೊಫೆಸರೂ ಸೈಕಲ್ಲಿನಲ್ಲೇ ಬರುತ್ತಾರೆ, ಇಬ್ಬರೂ ಇಳಿದು ನಿಂತರೆ ಹಿಂದಿನವರು ಗಂಟೆ ಬಾರಿಸುತ್ತಾರೆ. ಹತ್ತಕ್ಕೆ ಎಂಟು ಅಂಕ ಬಂದರೆ ಹಬ್ಬ ಮಾಡಬೇಕು. ಹತ್ತಕ್ಕೆ ಹತ್ತು ದೇವರಿಗೆ ಮಾತ್ರ ಎಂದು ತಮಾಷೆ ಮಾಡುತ್ತಿದ್ದರು. "ಪುಸ್ತಕದಲ್ಲಿ ಏನಿದೆ ಎಂದು ನನಗೆ ಗೊತ್ತು, ನಿನ್ನ ಹೊಲದಲ್ಲಿ ಏನು ಕಂಡೆ ಹೇಳು" ಎಂದು ಅಲ್ಲಿ ಕೇಳುತ್ತಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಬೂದಿ ಸವರಿದ ಗಡ್ಡೆ ಹೇಗೆ ಮೊಳೆಯುತ್ತದೆ, ಯಾವ ಮೋಡಕ್ಕೆ ರೋಗ ಬರುತ್ತದೆ, ರೇಟು ಬಿದ್ದಾಗ ರೈತ ಏನು ಮಾಡುತ್ತಾನೆ ಎಂದು ನಾನು ಹೇಳುವಾಗ ತರಗತಿ ಸುಮ್ಮನೆ ಕೂತು ಕೇಳುತ್ತಿತ್ತು.

ಎರಡನೆಯ ಪ್ರಶ್ನೆ: ರಜೆಯ ದಿನ ಎಲ್ಲಿಗೆ?

ಶನಿವಾರ ಬಟ್ಟೆ, ಸಂತೆ, ಅಡುಗೆ. ಭಾನುವಾರ ಬೆಳಗ್ಗೆ ಊರಿಗೆ ಫೋನು. ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಅವ್ವ ಕೇಳುತ್ತಿದ್ದದ್ದು ಒಂದೇ ಮಾತು, "ಏನ್ ಉಂಡೆ ಮಗಾ?" ಅಪ್ಪ ಹೇಳುತ್ತಿದ್ದದ್ದು ಎರಡು, ಮಳೆ ಮತ್ತು ಮೂಟೆಯ ರೇಟು. ಫೋನಿಟ್ಟ ಮೇಲೆ ಸೈಕಲ್ ಹತ್ತುತ್ತಿದ್ದೆ. ಹಳೆಯ ಸೈಕಲ್ಲು, ಹಿಂದಕ್ಕೆ ಪೆಡಲ್ ತುಳಿದರೆ ಬ್ರೇಕು. ದೇಶವೆಲ್ಲ ಚಪ್ಪಟೆ, ಸೈಕಲ್ಲಿಗೇ ಬೇರೆ ರಸ್ತೆ. ದೂರವಾದರೆ ಸೈಕಲ್ಲನ್ನೇ ರೈಲಿಗೆ ಹತ್ತಿಸಿಕೊಳ್ಳಬಹುದು. ಎರಡು ವರ್ಷದಲ್ಲಿ ಸುಮಾರು ಸುತ್ತಿದೆ. ನಿಮಗೆ ನಾಲ್ಕು ದಿನಗಳ ಮಾತು ಹೇಳುತ್ತೇನೆ.

ಒಂದು, ಹೋಗ ಫೇಲುವೆ ಎಂಬ ಕಾಡು. ವಾಗೆನಿಂಗೆನ್‌ನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಬಾಗಿಲಲ್ಲಿ ನೂರಾರು ಬಿಳಿ ಸೈಕಲ್ ನಿಲ್ಲಿಸಿರುತ್ತಾರೆ, ಯಾರು ಬೇಕಾದರೂ ತೆಗೆದುಕೊಂಡು ಓಡಾಡಿ ಮತ್ತೆ ತಂದು ನಿಲ್ಲಿಸಬಹುದು. ಕಾಡಿನ ನಡುವೆ ಒಂದು ಚಿತ್ರಶಾಲೆಯಿದೆ. ಅಲ್ಲಿ ವಿನ್ಸೆಂಟ್ ವ್ಯಾನ್ ಗೋ 1885ರಲ್ಲಿ ಬರೆದ 'ಆಲೂಗಡ್ಡೆ ಉಣ್ಣುವವರು' ಚಿತ್ರದ ಒಂದು ರೂಪವನ್ನು ನೋಡಿದೆ; ಇದರ ಮುಂದಿನ ದೊಡ್ಡ ರೂಪ ಆಮ್‌ಸ್ಟರ್‌ಡ್ಯಾಮಿನಲ್ಲಿದೆ. ತೂಗುದೀಪದ ಮಂದ ಬೆಳಕು, ಸುತ್ತ ಕೂತ ಬಡ ರೈತ ಸಂಸಾರ, ನಡುವೆ ಆಲೂಗಡ್ಡೆಯ ತಟ್ಟೆ. ತಟ್ಟೆಗೆ ಚಾಚಿದ ಈ ಕೈಗಳೇ ನೆಲ ಅಗೆದ ಕೈಗಳು ಎಂದು ತೋರಿಸಬೇಕಿತ್ತು ಎಂದು ಆತ ತಮ್ಮನಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಗಂಟು ಗಂಟಾದ ಬೆರಳುಗಳು. ಎಲ್ಲರೂ ಬಣ್ಣ ನೋಡುತ್ತಿದ್ದರು, ನಾನು ಬೆರಳನ್ನೇ ನೋಡುತ್ತ ನಿಂತೆ. ಕರೆಂಟು ಹೋದ ರಾತ್ರಿ ನಮ್ಮ ಮನೆಯ ನಡುಮನೆ ಹಾಗೇ ಇರುತ್ತಿತ್ತು.

ಎರಡನೆಯದು ಫ್ರೀಸ್‌ಲ್ಯಾಂಡ್. ನಮ್ಮ ಅಡುಗೆಮನೆಯ ಡಚ್ ಗೆಳೆಯ ಆ ಕಡೆಯ ರೈತನ ಮಗ. ಅವನ ಮನೆಗೆ ಕರೆದ. ಊಟಕ್ಕೆ ಹುರಿದ ಆಲೂಗಡ್ಡೆ. ತಳಿಯ ಹೆಸರು 'ಬಿಂಟ್ಯೆ' ಎಂದ. ಅದರ ಕಥೆ ಕೇಳಿ, ಇದು ನಮ್ಮ ಮೇಷ್ಟ್ರುಗಳಿಗೆ ಹೇಳಲೇಬೇಕಾದದ್ದು. ಆ ಪ್ರಾಂತ್ಯದ ಸುವಾಮೇರ್ ಎಂಬ ಹಳ್ಳಿಯಲ್ಲಿ ಕೊರ್ನೆಲಿಸ್ ಡಿ ವ್ರೀಸ್ ಎಂಬ ಶಾಲಾ ಮುಖ್ಯೋಪಾಧ್ಯಾಯರಿದ್ದರು. ಪಾಠ ಮುಗಿದ ಮೇಲೆ ಆಲೂಗಡ್ಡೆಯ ಹೂವಿಗೆ ಹೂ ಕೂಡಿಸಿ ಹೊಸ ತಳಿ ಮಾಡುವುದು ಅವರ ಹುಚ್ಚು. ಮೊದಲ ಒಂಬತ್ತು ತಳಿಗಳಿಗೆ ತಮ್ಮ ಒಂಬತ್ತು ಮಕ್ಕಳ ಹೆಸರಿಟ್ಟರು. ಮಕ್ಕಳ ಹೆಸರು ಮುಗಿದುಹೋಯಿತು. ಮುಂದಿನ ತಳಿಗೆ ತಮ್ಮ ಶಾಲೆಯಲ್ಲಿ ಓದಿದ ಜಾಣ ಹುಡುಗಿಯೊಬ್ಬಳ ಹೆಸರಿಟ್ಟರು: ಬಿಂಟ್ಯೆ. 1910ರಲ್ಲಿ ಮಾರುಕಟ್ಟೆಗೆ ಬಂದ ಆ ಗಡ್ಡೆಯನ್ನು ಯುರೋಪಿನ ತುಂಬ ಬೆಳೆದರು, ಇವತ್ತಿಗೂ ಬೆಳೆಯುತ್ತಾರೆ. ಒಂದು ಹಳ್ಳಿ ಶಾಲೆಯ ಮೇಷ್ಟ್ರು, ಒಬ್ಬ ಶಿಷ್ಯೆ, ಒಂದು ಹಿತ್ತಲು. ನಮ್ಮ ವಿಜ್ಞಾನದ ಮೇಷ್ಟ್ರು ಈ ಶಾಲೆಯ ಹಿಂದೆ ನಮ್ಮಿಂದ ಮಡಿ ಮಾಡಿಸಿ, ದಾಸವಾಳದ ಹೂವನ್ನು ಬ್ಲೇಡಿನಲ್ಲಿ ಸೀಳಿ ಪರಾಗ ತೋರಿಸಿದವರು. ಅವರು ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ಆ ದಿನ ಊಟದ ಮೇಜಿನಲ್ಲಿ ನಾನು ನಿಮ್ಮ ವಿಷಯ ಅವರಿಗೆಲ್ಲ ಹೇಳಿದೆ.

ಮೂರನೆಯದು ಮೇ 5. ಆ ದಿನ ವಾಗೆನಿಂಗೆನ್ ತುಂಬ ಜನ. 1945ರ ಮೇ 5ರಂದು ಆ ಊರಿನ ಒಂದು ಹೋಟೆಲಿನಲ್ಲೇ ಜರ್ಮನ್ ಸೇನೆಯ ಶರಣಾಗತಿಯ ಮಾತುಕತೆ ನಡೆದದ್ದು. ಪ್ರತಿ ವರ್ಷ ಹಬ್ಬ ಮಾಡುತ್ತಾರೆ. ಅದರ ಹಿಂದಿನ ಚಳಿಗಾಲವನ್ನು ಅವರು ಹಸಿವಿನ ಚಳಿಗಾಲ ಎನ್ನುತ್ತಾರೆ. ತಿನ್ನಲು ಏನೂ ಸಿಗದೆ ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಸುಮಾರು 20,000 ಜನ ಸತ್ತರು. ಒಬ್ಬ ಮುದುಕಿ ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಆಗ ಅವಳು ನಿಮ್ಮ ವಯಸ್ಸಿನ ಹುಡುಗಿ. ನಾನು ಆಲೂಗಡ್ಡೆ ಓದುತ್ತೇನೆ ಎಂದಾಗ, "ಒಳ್ಳೆಯ ವಿದ್ಯೆ" ಎಂದಳು. ಇಷ್ಟು ಸಣ್ಣ ಮಾತಿಗೆ ನನಗೆ ಗಂಟಲು ಕಟ್ಟಿತು. ಶ್ರೀಮಂತ ದೇಶ ಎಂದರೆ ಯಾವಾಗಲೂ ಹೊಟ್ಟೆ ತುಂಬಿದ ದೇಶ ಎಂದುಕೊಂಡಿದ್ದವರಿಗೆ ಇದನ್ನು ಹೇಳುತ್ತಿದ್ದೇನೆ.

ನಾಲ್ಕನೆಯದು ಸ್ಕೊಕ್‌ಲ್ಯಾಂಡ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಾಸನ ಸಮುದ್ರಕ್ಕಿಂತ ಮೂರು ಸಾವಿರ ಅಡಿಗೂ ಮೇಲಿದೆ. ಆ ದೇಶದಲ್ಲಿ ವಿಮಾನ ಇಳಿಯುವ ಜಾಗವೇ ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗೆ. ಏರಿ ಕಟ್ಟಿ, ನೀರೆತ್ತಿ ಹೊರಕ್ಕೆ ಹಾಕಿ ಮಾಡಿಕೊಂಡ ನೆಲ. 1932ರಲ್ಲಿ 32 ಕಿಲೋಮೀಟರ್ ಉದ್ದದ ಏರಿ ಹಾಕಿ ಸಮುದ್ರದ ಒಂದು ಕೊಲ್ಲಿಯನ್ನೇ ಕೆರೆ ಮಾಡಿಕೊಂಡರು. ಆಮೇಲೆ ಅದರಲ್ಲಿ ತುಂಡು ತುಂಡಾಗಿ ನೀರು ಬಸಿದು ಹೊಲ ಮಾಡಿದರು. ಆ ಕೊಲ್ಲಿಯಲ್ಲಿ ಸ್ಕೊಕ್‌ಲ್ಯಾಂಡ್ ಎಂಬ ಒಂದು ಪಟ್ಟಿಯಂಥ ದ್ವೀಪವಿತ್ತು. ಬಡ ಬೆಸ್ತರು. ನೀರು ದ್ವೀಪವನ್ನು ವರ್ಷ ವರ್ಷ ತಿನ್ನುತ್ತಿತ್ತು. 1859ರಲ್ಲಿ ರಾಜನ ಅಪ್ಪಣೆಯಾಯಿತು, ಎಲ್ಲರೂ ಎದ್ದು ಹೋಗಬೇಕೆಂದು. ಸುಮಾರು 650 ಜನ ಮನೆ ಬಿಟ್ಟು ದಡದ ಊರುಗಳಿಗೆ ಹೋದರು. 1942ರ ಹೊತ್ತಿಗೆ ಸುತ್ತಲ ನೀರು ಬಸಿದು ಆ ದ್ವೀಪ ಹೊಲಗಳ ನಡುವಿನ ಒಂದು ದಿಬ್ಬವಾಯಿತು. ಈಗ ಅದು ವಿಶ್ವ ಪರಂಪರೆಯ ತಾಣ.

ನಾನು ಕಾಂಪೆನ್ ಎಂಬ ಊರಿನಲ್ಲಿ ರೈಲಿಳಿದು, ಗಂಟೆಗೂ ಮಿಕ್ಕಿ ಸೈಕಲ್ ತುಳಿದು ಹೋದೆ. ಸುತ್ತ ಆಲೂಗಡ್ಡೆ ಹೊಲ. ನಡುವೆ ದಿಬ್ಬದ ಮೇಲೆ ಒಂದು ಪುಟ್ಟ ಚರ್ಚು. ಹಳೆಯ ಬಂದರಿನ ಮರದ ಕಂಬಗಳು ಹುಲ್ಲಿನಲ್ಲಿ ನಿಂತಿವೆ, ನೀರಿಲ್ಲ. ನನಗೆ ನೆನಪಾದದ್ದು ಯಾವುದು ಎಂದು ನೀವೇ ಹೇಳಬಲ್ಲಿರಿ. ನಮ್ಮ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು, ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಮಳೆಗಾಲದಲ್ಲಿ ಮುಳುಗುತ್ತ, ಬೇಸಿಗೆಯಲ್ಲಿ ಏಳುತ್ತ ನಿಂತಿದೆ. ಅಲ್ಲಿ ನೀರು ಹೋಗಿ ನೆಲವಾಯಿತು, ಇಲ್ಲಿ ನೆಲ ಹೋಗಿ ನೀರಾಯಿತು. ಎರಡು ಕಡೆಯೂ ಜನ ಎದ್ದು ಹೋದರು.

ನಮ್ಮ ಅವ್ವನ ತವರು ಆ ಹಿನ್ನೀರಿನೊಳಗಿದೆ. ಒಬ್ಬ ಸೋದರಮಾವ ಅರಕಲಗೂಡಿನ ಕಡೆ, ಇನ್ನೊಬ್ಬರು ಚನ್ನರಾಯಪಟ್ಟಣದ ಕಡೆ ಹೋಗಿ ನೆಲೆಸಿದರು. ಅಜ್ಜಿ ನಮ್ಮ ಮನೆಗೆ ಬಂದಳು. ಪ್ರತಿ ಮಳೆಗಾಲ ಪೇಪರಿನಲ್ಲಿ ಜಲಾಶಯದ ಮಟ್ಟ ಬರುತ್ತದಲ್ಲ, 2,922 ಅಡಿ ತುಂಬಿತು ಎಂದು ನಾವೆಲ್ಲ ಖುಷಿ ಪಡುತ್ತೇವೆ, ನಾಲೆಗೆ ನೀರು ಬರುತ್ತದೆ ಎಂದು. ಅಜ್ಜಿ ಒಬ್ಬಳೇ ಕೇಳುತ್ತಿದ್ದಳು, "ಮಾರಮ್ಮನ ಗುಡಿ ಮುಳುಗ್ತೇನ್ಲಾ?" ಸ್ಕೊಕ್‌ಲ್ಯಾಂಡಿನ ಸಂಗ್ರಹಾಲಯದಲ್ಲಿ ಆ ದ್ವೀಪದವರ ಬಟ್ಟೆ, ಬಲೆ, ಮನೆತನಗಳ ವಿವರ ಎಲ್ಲ ಇಟ್ಟಿದ್ದಾರೆ. ಎದ್ದುಹೋದವರ ವಂಶದವರದೇ ಒಂದು ಸಂಘವಿದೆ. ಯಾರ ಮನೆ ಎಲ್ಲಿತ್ತು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಬರೆದಿಟ್ಟುಕೊಂಡಿದ್ದಾರೆ. 150 ವರ್ಷದ ಹಿಂದಿನ 650 ಜನರ ಲೆಕ್ಕ ಅಲ್ಲಿದೆ. ನಮ್ಮ ಅಜ್ಜಿಯ ಊರಿನ ಓಣಿಗಳು ಅಜ್ಜಿಯ ತಲೆಯಲ್ಲಿ ಮಾತ್ರ ಇದ್ದವು. ನಾನು ಅಲ್ಲಿದ್ದಾಗಲೇ, 2010ರ ಜನವರಿಯಲ್ಲಿ, ಅಜ್ಜಿ ತೀರಿಕೊಂಡಳು.

ಮಕ್ಕಳೇ, ವಿದೇಶದಲ್ಲಿ ಓದುವುದು ಎಂದರೆ ಇದೂ ಸೇರಿರುತ್ತದೆ. ಮನೆಯಲ್ಲಿ ಸಾವಾದರೆ ಬರಲಾಗುವುದಿಲ್ಲ. ಆ ವಾರ ಗೋಡೆಯ ಪಟ್ಟಿಯಲ್ಲಿ ನೆಲ ತೊಳೆಯುವ ಪಾಳಿ ನನ್ನದಿತ್ತು. ಎದ್ದು ನೋಡುವಷ್ಟರಲ್ಲಿ ಇಥಿಯೋಪಿಯಾದ ಹುಡುಗ ತೊಳೆದು ಮುಗಿಸಿ, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಗುರುತು ಹಾಕಿದ್ದ. ಏನೂ ಮಾತಾಡಲಿಲ್ಲ.

ಆ ಪಟ್ಟಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮ್ಮ ಕಟ್ಟಡದ ಹೆಸರು ಡೈಕ್‌ಗ್ರಾಫ್ ಎಂದೆನಲ್ಲ, ಅದರ ಅರ್ಥ ಏರಿಯ ಯಜಮಾನ ಎಂದು. ಊರಿನ ಏರಿ, ಕಾಲುವೆ ನೋಡಿಕೊಳ್ಳುವ ನೀರುಮಂಡಳಿಗಳ ಮುಖ್ಯಸ್ಥನ ಹುದ್ದೆ ಅದು. ಆ ಮಂಡಳಿಗಳು 13ನೇ ಶತಮಾನದಿಂದ ಇವೆ, ಇವತ್ತಿಗೂ ಅದಕ್ಕೆ ಬೇರೆ ಚುನಾವಣೆ, ಬೇರೆ ಕಂದಾಯ. ಒಬ್ಬನ ಜಮೀನಿನ ಮುಂದೆ ಏರಿ ಒಡೆದರೆ ಮುಳುಗುವುದು ಎಲ್ಲರ ಮನೆ. ಆಲೂಗಡ್ಡೆಯ ಅಂಗಮಾರಿಯೂ ಹಾಗೇ. ಹೊಲದ ಮೂಲೆಯಲ್ಲಿ ಬಿಸಾಡಿದ ಕೊಳೆತ ಗಡ್ಡೆಯ ರಾಶಿಯಲ್ಲಿ ರೋಗ ಉಳಿದು, ಅಲ್ಲಿಂದ ಗಾಳಿಯಲ್ಲಿ ಹತ್ತು ಹೊಲಕ್ಕೆ ಹೋಗುತ್ತದೆ. ಅದಕ್ಕೇ ಅಲ್ಲಿ ಏಪ್ರಿಲ್ ಮಧ್ಯದೊಳಗೆ ಅಂಥ ರಾಶಿಯನ್ನೆಲ್ಲ ಪ್ಲಾಸ್ಟಿಕ್ ಹಾಕಿ ಮುಚ್ಚಬೇಕು ಎಂಬ ಕಟ್ಟುನಿಟ್ಟು ಇದೆ. 1845ರಲ್ಲಿ ಇದೇ ರೋಗ ಯುರೋಪಿಗೆ ಬಂದು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಕಾಯಿಲೆಯಿಂದಲೂ ಸತ್ತರು. ಅವರು ಅದನ್ನು ಮರೆತಿಲ್ಲ.

2009ರ ಆಗಸ್ಟ್‌ನ ಒಂದು ಭಾನುವಾರ ಅಪ್ಪ ಫೋನಿನಲ್ಲಿ ಮಳೆಯ ಮಾತನ್ನೂ ಆಡಲಿಲ್ಲ, ರೇಟಿನ ಮಾತನ್ನೂ ಆಡಲಿಲ್ಲ. "ಎರಡೆಕರೆನೂ ಕಪ್ಪಾಯ್ತು ಕಣಪ್ಪ" ಅಂದರು. ಹಿಂದಿನ ದಿನವಷ್ಟೇ ನಾನು ಸೂಕ್ಷ್ಮದರ್ಶಕದಲ್ಲಿ ಅದೇ ರೋಗದ ಬೀಜಕಗಳನ್ನು ಎಣಿಸುತ್ತ ಕೂತಿದ್ದೆ. ನಾನು ಔಷಧಿಯ ಹೆಸರು, ಅದು ಇದು ಎಂದು ಹೇಳಲು ಹೊರಟೆ. ಅಪ್ಪ ತಡೆದರು. "ಫೋನಲ್ಲಿ ಬ್ಯಾಡ. ಪೂರ್ತಿ ಕಲ್ತ್ಕೊಂಡು ಬಾ, ಹೊಲದಲ್ಲಿ ನಿಂತ್ಕಂಡು ಹೇಳು." ಆ ಮಾತಿಗೇ ನಾನು 2010ರಲ್ಲಿ ಓದು ಮುಗಿಸಿ ವಾಪಸ್ಸು ಬಂದದ್ದು. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಜೋಳಕ್ಕೆ, ಶುಂಠಿಗೆ ಹೊರಳಿದ್ದರು. ಅಪ್ಪ ಈಗ ಅರ್ಧ ಎಕರೆ ಮಾತ್ರ ಆಲೂಗಡ್ಡೆ ಹಾಕುತ್ತಾರೆ. ಕೊಳೆತ ಗಡ್ಡೆಯನ್ನು ಮಾತ್ರ ಗುಂಡಿ ತೆಗೆದು ಮುಚ್ಚುತ್ತಾರೆ, ಪಕ್ಕದ ಹೊಲದವರನ್ನೂ ಬಿಡದೆ ಮುಚ್ಚಿಸುತ್ತಾರೆ. ನಾನು ಈಗ ಕೆಲಸದ ಮೇಲೆ ಹೋದ ಹಳ್ಳಿಗಳಲ್ಲೆಲ್ಲ ಮೊದಲು ಹೇಳುವುದೂ ಅದನ್ನೇ.

ಅದು ಡಚ್ಚರಿಂದ ಕಲಿತ ಬುದ್ಧಿ ಎಂದರೆ ಅರ್ಧ ಸತ್ಯ. ನಮ್ಮ ಕೆರೆಗಳಿಗೂ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರು ಎಂದು ಪಾಳಿ ಹಾಕಿ ತೂಬು ತೆಗೆಯುತ್ತಿದ್ದ. ಶ್ರೀರಾಮದೇವರ ಅಣೆಕಟ್ಟೆಯ ಹಳೆಯ ನಾಲೆಯ ಕೆಳಗೆ ಬೇಸಾಯ ಮಾಡಿದ ಹಿರಿಯರು ಇಲ್ಲೇ ಕೂತಿದ್ದಾರೆ, ಕೇಳಿ ನೋಡಿ. ಕೆರೆಯ ಹೂಳು ತೆಗೆಯಲು ಮನೆಗೊಂದು ಆಳು, ನಾಟಿಗೆ ಮುಯ್ಯಾಳು. ನಾನು ಹೊರದೇಶಕ್ಕೆ ಹೋಗಿ ಗೋಡೆಯ ಮೇಲಿನ ಪಾಳಿಪಟ್ಟಿಯಲ್ಲಿ ಓದಿದ್ದು ನಮ್ಮ ತಾತನಿಗೆ ಬಾಯಿಪಾಠವಾಗಿತ್ತು. ಅವರು ಅದನ್ನು ಬಿಡಲಿಲ್ಲ, ಬರೆದಿಟ್ಟರು, ಕಾನೂನು ಮಾಡಿಕೊಂಡರು. ನಾವು ಬಿಟ್ಟೆವು.

ಇನ್ನು ಕೊನೆಯ ಪ್ರಶ್ನೆ. ನಮ್ಮಂಥೋರೂ ಹೋಗಬಹುದಾ?

ಹೋಗಬಹುದು. ಇದೇ ಶಾಲೆಯಲ್ಲಿ ಕನ್ನಡದಲ್ಲೇ ಓದಿದವನು ನಾನು. ಹಾಸನದಲ್ಲಿ ಪಿ.ಯು.ಸಿ. ಸೇರಿದಾಗ ಮೊದಲ ಆರು ತಿಂಗಳು ಪಾಠವೇ ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಆದರೆ ಪೋಷಕರಿಗೆ ಒಂದು ಮಾತು ಹೇಳುತ್ತೇನೆ. ಮಗನನ್ನೋ ಮಗಳನ್ನೋ ಕಳಿಸಬೇಕೆಂದು ಜಮೀನು ಮಾರಬೇಡಿ. ಸಾಲ ಮಾಡುವುದಾದರೆ, ಯಾವ ಕೋರ್ಸು, ಯಾವ ವಿಶ್ವವಿದ್ಯಾಲಯ, ಮುಗಿದ ಮೇಲೆ ಏನು ಎಂದು ಮೂರು ಜನರನ್ನು ಕೇಳಿ. ಏಜೆಂಟ್ ಹೇಳಿದ್ದನ್ನಷ್ಟೇ ನಂಬಬೇಡಿ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಒಂದು ವರ್ಷ ಮೊದಲೇ ಶುರು ಮಾಡಬೇಕು. ಹೆಣ್ಣುಮಕ್ಕಳ ತಂದೆತಾಯಿಯರಿಗೆ ಹೇಳುತ್ತೇನೆ, ನನ್ನ ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗಿಯರಿದ್ದರು. ದೂರದ ದೇಶಗಳಿಂದ ಒಬ್ಬೊಬ್ಬರೇ ಬಂದು ಓದಿ ಹೋದರು. ಈ ಶಾಲೆಯಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದ ಮೂವರು ಹುಡುಗಿಯರು ಹತ್ತನೆಯ ತರಗತಿಯ ಮುಂದೆ ಹೋಗಲಿಲ್ಲ. ಇಬ್ಬರು ಈಗ ಇದೇ ಸಭೆಯಲ್ಲಿದ್ದಾರೆ. ಅವರ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಾನು ಹೆಚ್ಚು ಹೇಳುವುದಿಲ್ಲ.

ಹೋಗುವವರು ಹೋಗಲಿ, ಎಲ್ಲರೂ ಹೋಗಬೇಕಿಲ್ಲ. ಭಾನುವಾರ ಮಾತ್ರ ಎಲ್ಲರಿಗೂ ಇದೆ. ಸುವರ್ಣ ಮಹೋತ್ಸವದ ಹಣದಲ್ಲಿ ಕಮಾನು ಕಟ್ಟುವ ಮಾತು ನಡೆದಿದೆ ಎಂದು ಕೇಳಿದೆ. ಕಟ್ಟಿ, ಬೇಡವೆನ್ನುವುದಿಲ್ಲ. ಅದರಲ್ಲಿ ಸ್ವಲ್ಪ ಉಳಿಸಿ ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಸುತ್ತಿಸಿ. ಶ್ರವಣಬೆಳಗೊಳಕ್ಕೆ ಎಲ್ಲರೂ ಕರೆದೊಯ್ಯುತ್ತಾರೆ. ನುಗ್ಗೇಹಳ್ಳಿಯ ಗುಡಿಗೂ ಕರೆದೊಯ್ಯಿರಿ. ರಾಮನಾಥಪುರದಲ್ಲಿ ಕಾವೇರಿ ನೋಡಲಿ. ಬಾಗೂರು ನವಿಲೆ ಸುರಂಗದಲ್ಲಿ ನಮ್ಮ ಹೇಮಾವತಿ ತುಮಕೂರಿನ ಕಡೆಗೆ ಹೋಗುವುದನ್ನು ನೋಡಲಿ. ಹಾಸನದ ಎ.ಪಿ.ಎಂ.ಸಿ.ಯಲ್ಲಿ ಹರಾಜು ಹೇಗೆ ಕೂಗುತ್ತಾರೆ ಎಂದು ಬರೆದುಕೊಳ್ಳಲಿ. ಬೇಸಿಗೆಯಲ್ಲಿ ಶೆಟ್ಟಿಹಳ್ಳಿಗೆ ಹೋಗಲಿ. ಹೋಗುವ ಮೊದಲು ನಮ್ಮೂರಿನಲ್ಲಿ ಹಿನ್ನೀರಿನಿಂದ ಎದ್ದು ಬಂದ ಮನೆಗಳ ಹಿರಿಯರನ್ನು ಕೂರಿಸಿಕೊಂಡು, ಗುಡಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾರ ಮನೆ ಯಾರ ಪಕ್ಕ ಎಂದು ಕೇಳಿ ಒಂದು ನಕ್ಷೆ ಬರೆಯಲಿ. ನನ್ನ ಅಜ್ಜಿಯನ್ನು ಕೇಳುವ ಹೊತ್ತು ಕಳೆದುಹೋಗಿದೆ. ಕೇಳಬಹುದಾದ ಅಜ್ಜಿಯರು ಈ ಪೆಂಡಾಲಿನಲ್ಲೇ ನಾಲ್ಕು ಜನ ಇದ್ದಾರೆ, ಬರುವಾಗ ಮಾತಾಡಿಸಿ ಬಂದೆ.

ಆ ಕೆಲಸಕ್ಕೆ ಬೇಕಾದ ನೋಟ್‌ಬುಕ್ಕು, ಒಂದು ಕ್ಯಾಮೆರಾ, ಬಸ್ಸಿನ ಬಾಡಿಗೆ ಮೊದಲ ವರ್ಷ ನಾನು ಕೊಡುತ್ತೇನೆ. ಎರಡನೆಯ ವರ್ಷ ಯಾರದು ಎಂದು ಈ ಸಭೆಯಲ್ಲಿರುವ ನನ್ನ ಗೆಳೆಯರು ತೀರ್ಮಾನ ಮಾಡಲಿ. ಪಟ್ಟಿ ಬರೆದು ಶಾಲೆಯ ಗೋಡೆಗೆ ಅಂಟಿಸೋಣ. ಮೊದಲನೆಯ ಹೆಸರು ನನ್ನದಿರಲಿ, ಕೆಳಗೆ ಜಾಗ ಬಿಟ್ಟಿರುತ್ತೇನೆ.